ಅಂಟುವಾಳ: ನೊರೆಯ ಮರ, ನೆರೆಯ ಜೀವಿಗಳು

ರೇಷ್ಮೆ ಸೀರೆ ಒಗೆಯಲು, ಆಭರಣಕ್ಕೆ ಹೊಳಪು ಕೊಡಲು, ತಲೆಕೂದಲು ತೊಳೆಯಲು ತಲೆಮಾರುಗಳಿಂದ ಬಳಕೆಯಲ್ಲಿರುವ ಅಂಟುವಾಳ ಕರ್ನಾಟಕದ ಬಹುತೇಕ ಮನೆಗಳಿಗೆ ಕಾಯಿಯಾಗಿ ಪರಿಚಿತ. ಆದರೆ ಆ ಕಾಯಿ ಬಿಡುವ ಮರವನ್ನು ಗುರುತಿಸಬಲ್ಲವರು ನಗರಗಳಲ್ಲಿ ವಿರಳ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಹರಿಯುವ ಬಾಗಲಕೋಟೆ ಜಿಲ್ಲೆಯ ಒಣನೆಲ ಈ ಮರಕ್ಕೂ ಅದರ ಬಂಧುಗಳಿಗೂ ಒಗ್ಗುವಂಥದ್ದು. ಬಾದಾಮಿಯ ಕೆಂಪು ಗುಡ್ಡ, ಹುನಗುಂದದ ಎರೆಹೊಲ, ಇಳಕಲ್‌ನ ಮಗ್ಗ, ಬಾಗಲಕೋಟೆಯ ಹಿನ್ನೀರು ಈ ನಾಲ್ಕೂ ಬೇರೆ ಬೇರೆ ರೀತಿಯಲ್ಲಿ ಅಂಟುವಾಳದ ಕುಟುಂಬದೊಡನೆ ಸಂಬಂಧ ಹೊಂದಿವೆ. ಮರ, ಅದನ್ನು ಅವಲಂಬಿಸಿದ ಕೀಟಗಳು ಹಾಗೂ ಅದನ್ನು ಬಳಸುವ ಮನುಷ್ಯರ ನಡುವಿನ ಈ ನಂಟಿನ ಪರಿಚಯ ಇಲ್ಲಿದೆ.

ಹೆಸರು ಮತ್ತು ಕುಟುಂಬ

ಅಂಟುವಾಳಕ್ಕೆ ಕನ್ನಡದಲ್ಲಿ ಅಂಟಲಕಾಯಿ, ನೊರೆಕಾಯಿ, ಕೂಗಟೆ ಮುಂತಾದ ಹೆಸರುಗಳಿವೆ. ಮರಾಠಿ, ಹಿಂದಿಗಳ ಪ್ರಭಾವದಿಂದ ಉತ್ತರ ಕರ್ನಾಟಕದ ಪೇಟೆಗಳಲ್ಲಿ ರೀಠಾ ಎಂಬ ಹೆಸರೂ ಚಾಲ್ತಿಯಲ್ಲಿದೆ. ಸಂಸ್ಕೃತದಲ್ಲಿ ಅರಿಷ್ಟಕ ಎಂದೂ, ನೊರೆ ಕೊಡುವುದರಿಂದ ಫೇನಿಲ ಎಂದೂ ಕರೆಯುತ್ತಾರೆ. ಕಂಬಳಿಗಳನ್ನು ಅರಿಷ್ಟಕದಿಂದ ಶುಚಿಗೊಳಿಸಬೇಕು ಎಂಬ ಸೂಚನೆ ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿದೆ. ಬಟ್ಟೆ ಒಗೆಯಲು ಈ ಕಾಯಿಯನ್ನು ಬಳಸುವ ರೂಢಿ ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ.

1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಕುಲಕ್ಕೆ ಸ್ಯಾಪಿಂಡಸ್ ಎಂಬ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ಇದರರ್ಥ 'ಭಾರತದ ಸಾಬೂನು'. ದಕ್ಷಿಣ ಭಾರತದಲ್ಲಿ ಬೆಳೆಯುವ ಮರವನ್ನು ಸ್ಯಾಪಿಂಡಸ್ ಟ್ರೈಫೋಲಿಯೇಟಸ್ ಅಥವಾ ಸ್ಯಾಪಿಂಡಸ್ ಇಮಾರ್ಜಿನೇಟಸ್ ಎಂದು ಗುರುತಿಸಲಾಗುತ್ತದೆ. ಇವೆರಡೂ ಒಂದೇ ಎಂದು ಕೆಲವು ಸಸ್ಯವಿಜ್ಞಾನಿಗಳೂ, ಬೇರೆ ಪ್ರಭೇದಗಳೆಂದು ಇನ್ನು ಕೆಲವರೂ ವಾದಿಸುತ್ತಾರೆ. ಹಿಮಾಲಯದ ತಪ್ಪಲಿನ ಅಂಟುವಾಳ ಮಾತ್ರ ಬೇರೆಯದು. ಅದು ಸ್ಯಾಪಿಂಡಸ್ ಮುಕೊರೊಸ್ಸಿ. ದಕ್ಷಿಣದ ಕಾಯಿ ಎರಡು-ಮೂರು ಹೋಳುಗಳು ಅಂಟಿಕೊಂಡಂತೆ ಕಂಡರೆ, ಹಿಮಾಲಯದ್ದು ಸಾಮಾನ್ಯವಾಗಿ ಒಂಟಿ ಗುಂಡುಕಾಯಿ.

ಸ್ಯಾಪಿಂಡೇಸಿ ಕುಟುಂಬದಲ್ಲಿ ಸುಮಾರು 140 ಕುಲಗಳೂ 1,900ರಷ್ಟು ಪ್ರಭೇದಗಳೂ ಇವೆ. ಲಿಚಿ, ರಂಬುಟಾನ್ ಹಣ್ಣುಗಳು ಇದೇ ಕುಟುಂಬದವು. ಸೀಗೆಕಾಯಿ ಮಾತ್ರ ಈ ಕುಟುಂಬಕ್ಕೆ ಸೇರಿದ್ದಲ್ಲ. ಅಂಗಡಿಯಲ್ಲಿ ಅಂಟುವಾಳದ ಪಕ್ಕದಲ್ಲೇ ಸಿಗುವ, ನೊರೆಯನ್ನೂ ಕೊಡುವ ಸೀಗೆ ಜಾಲಿಯ ಬಳಗದ ಮುಳ್ಳುಬಳ್ಳಿ.

ಮರದ ಗುರುತು

ಅಂಟುವಾಳ ಮಧ್ಯಮ ಗಾತ್ರದ, ಎಲೆ ಉದುರಿಸುವ ಮರ. ಸಾಮಾನ್ಯವಾಗಿ 10ರಿಂದ 15 ಮೀಟರ್ ಎತ್ತರ ಬೆಳೆಯುತ್ತದೆ. ಒಂದೇ ತೊಟ್ಟಿನಲ್ಲಿ ಎರಡು ಅಥವಾ ಮೂರು ಜೊತೆ ಎಲೆಗಳಿರುತ್ತವೆ. ಎಲೆಯ ತುದಿ ಹಲವು ಬಾರಿ ಚೂಪಾಗಿರದೆ ಒಳಕ್ಕೆ ಕಚ್ಚು ತೆಗೆದಂತೆ ಇರುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ, ಅಕ್ಟೋಬರ್‌ನಿಂದ ಡಿಸೆಂಬರ್ ಅವಧಿಯಲ್ಲಿ ಕೊಂಬೆಯ ತುದಿಗಳಲ್ಲಿ ಮಾಸಲು ಬಿಳಿಯ ಸಣ್ಣ ಹೂಗಳ ಗೊಂಚಲುಗಳು ಕಾಣಿಸಿಕೊಳ್ಳುತ್ತವೆ. ಎಳೆಯ ಕಾಯಿಯ ಮೇಲೆ ತುಕ್ಕಿನ ಬಣ್ಣದ ನವಿರು ರೋಮಗಳಿರುತ್ತವೆ. ಫೆಬ್ರವರಿಯಿಂದ ಏಪ್ರಿಲ್ ಹೊತ್ತಿಗೆ ಕಾಯಿ ಬಲಿತು, ಸಿಪ್ಪೆ ಸುಕ್ಕುಗಟ್ಟಿ, ಅಂಟಂಟಾದ ಕಂದುಬಣ್ಣಕ್ಕೆ ತಿರುಗುತ್ತದೆ. ಒಳಗಿರುವ ಬೀಜ ಕರಿಯ ಗೋಲಿಯಂತೆ ಗುಂಡಗೆ, ಕಲ್ಲಿನಷ್ಟು ಗಟ್ಟಿ.

ಬಾಗಲಕೋಟೆ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ.ಗಿಂತ ಕಡಿಮೆ. ಬಾದಾಮಿಯ ಸುತ್ತ ಮರಳುಗಲ್ಲಿನ ಬಂಡೆಗಳು, ಇಳಕಲ್ ಕಡೆಗೆ ಕೆಂಪು ಗ್ರಾನೈಟ್, ಹುನಗುಂದದ ಬಯಲಿನಲ್ಲಿ ಎರೆಮಣ್ಣು ಹೀಗೆ ನೆಲದ ಗುಣ ಬದಲಾಗುತ್ತ ಹೋಗುತ್ತದೆ. ಅಂಟುವಾಳ ಬಡಮಣ್ಣನ್ನೂ ಬರವನ್ನೂ ತಾಳಿಕೊಳ್ಳುತ್ತದೆ. ದಖ್ಖನ್ನಿನ ಒಣ ಸೀಮೆಯಲ್ಲಿ ಇದು ದಟ್ಟ ಕಾಡಾಗಿ ನಿಲ್ಲುವ ಮರವಲ್ಲ. ಊರಿನಂಚು, ತೋಟದ ಬದು, ಹಳ್ಳದ ದಂಡೆಗಳಲ್ಲಿ ಒಂಟಿಯಾಗಿಯೋ ಎರಡು-ಮೂರಾಗಿಯೋ ಕಾಣಸಿಗುತ್ತದೆ.

ನೊರೆ ಏಕೆ?

ಸಿಪ್ಪೆಯಲ್ಲಿರುವ ಸ್ಯಾಪೊನಿನ್ ಎಂಬ ರಾಸಾಯನಿಕಗಳೇ ನೊರೆಗೆ ಕಾರಣ. ಸ್ಯಾಪೊನಿನ್ ಅಣುವಿನ ಒಂದು ಭಾಗ ನೀರಿನೊಡನೆ ಬೆರೆಯುತ್ತದೆ, ಇನ್ನೊಂದು ಭಾಗ ಜಿಡ್ಡನ್ನು ಹಿಡಿಯುತ್ತದೆ. ಸಾಬೂನು ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಆದರೆ ಮರ ಈ ವಸ್ತುವನ್ನು ತಯಾರಿಸುವುದು ಮನುಷ್ಯರ ಬಟ್ಟೆಗಾಗಿ ಅಲ್ಲ, ತನ್ನ ಬೀಜದ ರಕ್ಷಣೆಗಾಗಿ.

ಸ್ಯಾಪೊನಿನ್ ಕಹಿ ಮತ್ತು ಖಾರ. ಅದು ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನಂಶಕ್ಕೆ ಅಂಟಿಕೊಂಡು ಪೊರೆಯನ್ನು ಸಡಿಲಗೊಳಿಸುತ್ತದೆ. ತಿಂದ ಪ್ರಾಣಿಗೆ ಬಾಯುರಿ, ವಾಂತಿ ಉಂಟಾಗುತ್ತದೆ. ಅನೇಕ ಕೀಟ, ಶಿಲೀಂಧ್ರಗಳೂ ಇದರಿಂದ ದೂರ ಉಳಿಯುತ್ತವೆ. ಮೀನುಗಳಿಗಂತೂ ಇದು ವಿಷ; ಕಿವಿರುಗಳ ಮೂಲಕ ನೇರವಾಗಿ ರಕ್ತಕ್ಕೆ ಸೇರಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ನಿಂತ ನೀರಿಗೆ ಅಂಟುವಾಳ ಜಜ್ಜಿ ಹಾಕಿ ಮೀನು ಹಿಡಿಯುವ ಪದ್ಧತಿ ದೇಶದ ಹಲವೆಡೆ ಇದ್ದುದು ಇದೇ ಕಾರಣಕ್ಕೆ. ಅಂದರೆ ಸೀರೆಯ ಕೊಳೆ ತೆಗೆಯುವ ಗುಣ, ಮರದ ಪಾಲಿಗೆ ಆತ್ಮರಕ್ಷಣೆಯ ಆಯುಧ.

ಹೂವಿಗೆ ಬರುವ ಅತಿಥಿಗಳು

ಹೂ ಬಿಡುವ ಕಾಲದಲ್ಲಿ ಮಾತ್ರ ಈ ಮರದ ಸ್ವಭಾವ ಬೇರೆ. ಅಂಟುವಾಳದ ಹೂ ಗಾತ್ರದಲ್ಲಿ ಚಿಕ್ಕದಾದರೂ ಮಕರಂದ ಸುಲಭವಾಗಿ ಸಿಗುವಂತೆ ತೆರೆದಿರುತ್ತದೆ. ಒಂದೇ ಗೊಂಚಲಿನಲ್ಲಿ ಗಂಡು ಹೂಗಳೂ, ಹೆಣ್ಣಾಗಿ ಕೆಲಸ ಮಾಡುವ ಹೂಗಳೂ ಇರುತ್ತವೆ. ಪರಾಗಸ್ಪರ್ಶಕ್ಕೆ ಜೇನುನೊಣಗಳು, ಕಣಜಗಳು, ನೊಣಗಳು ನೆರವಾಗುತ್ತವೆ. ಮುಂಗಾರಿನ ಹೂಗಳು ಮುಗಿದು ಕುರುಚಲು ಒಣಗತೊಡಗುವ ಹೊತ್ತಿಗೆ ಅಂಟುವಾಳ ಹೂ ಬಿಡುವುದರಿಂದ, ಬಂಡೆ ಮತ್ತು ಎತ್ತರದ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜೇನಿಗೂ ಪೊದೆಗಳಲ್ಲಿ ತಟ್ಟಿ ಕಟ್ಟುವ ಕೋಲ್ಜೇನಿಗೂ ಅದು ಬೆಲೆಯುಳ್ಳ ಆಹಾರ. ಹಿಂಗಾರಿನಲ್ಲಿ ಸೂರ್ಯಕಾಂತಿ, ಕುಸುಬೆಯಂಥ ಬೆಳೆಗಳ ಪರಾಗಸ್ಪರ್ಶಕ್ಕೆ ಒದಗುವುದೂ ಇದೇ ಜೇನುನೊಣಗಳು. ಹೊಲದ ಬದುವಿನ ಮರ ಈ ಬಗೆಯಲ್ಲಿ ಹೊಲದ ಇಳುವರಿಗೂ ಸಂಬಂಧಿಸಿದ್ದು.

ಕೆಂಪು ತಿಗಣೆ: ವಿಷವನ್ನು ಮೀರಿದ ಕೀಟ

ಎಲ್ಲರನ್ನೂ ದೂರವಿಡುವ ಈ ಕುಟುಂಬದ ಬೀಜವನ್ನೇ ನಂಬಿ ಬದುಕುವ ಕೀಟಗಳೂ ಇವೆ. ಭಾರತದಲ್ಲಿ ಅವುಗಳ ಪ್ರತಿನಿಧಿ ಲೆಪ್ಟೊಕೋರಿಸ್ ಆಗರ್ ಎಂಬ ಕೆಂಪು ತಿಗಣೆ. ಸ್ಯಾಪಿಂಡೇಸಿ ಕುಟುಂಬದ ಗಿಡಮರಗಳ ಬುಡದಲ್ಲಿ, ಉದುರಿದ ಬೀಜಗಳ ಸುತ್ತ ಮರಿ-ದೊಡ್ಡವೆನ್ನದೆ ಗುಂಪುಗೂಡುವುದು ಇದರ ಅಭ್ಯಾಸ. ಸೂಜಿಯಂತಹ ಹೀರುಗೊಳವೆಯನ್ನು ಬೀಜದೊಳಕ್ಕೆ ತೂರಿಸಿ, ಜೊಲ್ಲು ಸುರಿಸಿ, ಕರಗಿದ ತಿರುಳನ್ನು ಹೀರುತ್ತದೆ. ಮೈಯ ಕೆಂಪು ಬಣ್ಣ ಹಕ್ಕಿಗಳಿಗೆ 'ನಾನು ರುಚಿಯಿಲ್ಲ' ಎಂಬ ಎಚ್ಚರಿಕೆ.

ಈ ಬಗೆಯ ತಿಗಣೆಗಳು ಜೀವವಿಕಾಸದ ಅಧ್ಯಯನದಲ್ಲಿ ವಿಶ್ವಪ್ರಸಿದ್ಧ. ಅಮೆರಿಕದ ಫ್ಲಾರಿಡಾದಲ್ಲಿರುವ ಇವುಗಳ ಸಂಬಂಧಿ ಜಡೇರಾ ಹಿಮಟೊಲೋಮಾ, ಗಾಳಿ ತುಂಬಿದ ದೊಡ್ಡ ಕಾಯಿ ಬಿಡುವ ಸ್ಥಳೀಯ ಬಳ್ಳಿಯ ಬೀಜ ತಿನ್ನುತ್ತಿತ್ತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಏಷ್ಯಾ ಮೂಲದ ಅಲಂಕಾರಿಕ ಮರವೊಂದನ್ನು ಅಲ್ಲಿ ವ್ಯಾಪಕವಾಗಿ ನೆಟ್ಟರು. ಅದೂ ಇದೇ ಕುಟುಂಬದ್ದು. ಆದರೆ ಅದರ ಕಾಯಿ ಚಪ್ಪಟೆ. ಬೀಜ ತಲುಪಲು ಉದ್ದದ ಹೀರುಗೊಳವೆ ಬೇಕಿರಲಿಲ್ಲ. ಸ್ಕಾಟ್ ಕ್ಯಾರೊಲ್ ಮತ್ತು ಕ್ರಿಸ್ಟಿನ್ ಬಾಯ್ಡ್ 1992ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಥಳೀಯ ಬಳ್ಳಿಯ ಮೇಲಿನ ಹೆಣ್ಣು ತಿಗಣೆಗಳ ಹೀರುಗೊಳವೆ ಸರಾಸರಿ 9 ಮಿ.ಮೀ.ಗಿಂತ ಹೆಚ್ಚಿದ್ದರೆ, ಹೊಸ ಮರದ ಮೇಲೆ ಬದುಕಿದವುಗಳದು ಸುಮಾರು 7 ಮಿ.ಮೀ.ಗೆ ಇಳಿದಿತ್ತು. ಸಂಗ್ರಹಾಲಯಗಳಲ್ಲಿದ್ದ ಹಳೆಯ ಮಾದರಿಗಳನ್ನು ಅಳೆದು ಈ ಬದಲಾವಣೆಯನ್ನು ಖಚಿತಪಡಿಸಿಕೊಳ್ಳಲಾಯಿತು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿಗೆ ಹೊರಗಿನಿಂದ ಬಂದು ಕಳೆಯಾಗಿ ಹಬ್ಬಿದ ಬಳ್ಳಿಯ ಕಾಯಿ ದೊಡ್ಡದಿದ್ದುದರಿಂದ, ಸ್ಥಳೀಯ ಲೆಪ್ಟೊಕೋರಿಸ್ ತಿಗಣೆಯ ಹೀರುಗೊಳವೆ ಕೆಲವೇ ದಶಕಗಳಲ್ಲಿ ಉದ್ದವಾಯಿತು. ಮನುಷ್ಯ ನೆಡುವ ಅಥವಾ ಕಡಿಯುವ ಒಂದು ಗಿಡ, ಅದನ್ನು ಅವಲಂಬಿಸಿದ ಜೀವಿಯ ದೇಹವನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನಗಳು ಕಡಿಮೆ.

ಹತ್ತಿ ಬೆಳೆಯುವ ಎರೆಸೀಮೆಯ ರೈತರು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹತ್ತಿಯ ಅರಳೆಗೆ ಕಲೆ ಮಾಡುವ ಕೆಂಪು ತಿಗಣೆಯೇ ಬೇರೆ. ಅದರ ಹೆಸರು ಡಿಸ್ಡರ್ಕಸ್. ಅದರ ಕೊರಳಿನಲ್ಲಿ ಬಿಳಿಯ ಪಟ್ಟಿ, ಹೊಟ್ಟೆಯ ಅಡಿಯಲ್ಲಿ ಬಿಳಿಯ ಅಡ್ಡಗೆರೆಗಳು, ರೆಕ್ಕೆಗಳ ಮೇಲೆ ಕರಿಯ ಚುಕ್ಕೆಗಳು ಇರುತ್ತವೆ. ಅಂಟುವಾಳದ ಬಳಗವನ್ನು ನಂಬಿದ ತಿಗಣೆಯಲ್ಲಿ ಈ ಬಿಳಿಪಟ್ಟಿಗಳಿಲ್ಲ. ಕೆಂಪು ತಿಗಣೆಗಳ ನಡುವೆಯೇ ಆಂಟಿಲೋಕಸ್ ಎಂಬ ಬೇಟೆಗಾರನೂ ಇದೆ. ಅದು ಹತ್ತಿಯ ಕೆಂಪು ತಿಗಣೆಯನ್ನೇ ಹಿಡಿದು ತಿನ್ನುತ್ತದೆ. ಕೆಂಪಗೆ ಕಂಡದ್ದಕ್ಕೆಲ್ಲ ಔಷಧಿ ಸಿಂಪಡಿಸಿದರೆ ಮಿತ್ರಕೀಟವೂ ಸಾಯುತ್ತದೆ.

ಗುಡ್ಡದ ಬಂಧು, ಬೇಲಿಯ ಬಂಧು

ಅಂಟುವಾಳದ ಎರಡು ಸಮೀಪದ ಬಂಧುಗಳನ್ನು ಈ ಭಾಗದ ಜನ ದಿನವೂ ಕಾಣುತ್ತಾರೆ. ಮೊದಲನೆಯದು ಬಂದರೆ ಗಿಡ. ದಖ್ಖನ್ನಿನ ಕುರುಚಲು ಗುಡ್ಡಗಳಲ್ಲಿ, ಬಾದಾಮಿ ಸುತ್ತಲಿನಂತಹ ತೆಳುಮಣ್ಣಿನ ಇಳಿಜಾರುಗಳಲ್ಲಿ ಬೆಳೆಯುವ, ಎಲೆಯ ಮೇಲೆ ಅಂಟು ಮೆತ್ತಿದಂತಿರುವ ಪೊದೆಯಿದು. ಆಡು-ಕುರಿಗಳು ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದ್ದರಿಂದ ಅತಿಯಾಗಿ ಮೇಯಿಸಿದ ಗುಡ್ಡದಲ್ಲೂ ಬಂದರೆ ಉಳಿದುಕೊಂಡು ಮಣ್ಣನ್ನು ಹಿಡಿದಿಡುತ್ತದೆ. ಪರಾಗವನ್ನು ಹೊತ್ತೊಯ್ಯುವುದು ಗಾಳಿ. ಕಾಗದದಂತಹ ರೆಕ್ಕೆಯುಳ್ಳ ಕಾಯಿಯನ್ನು ಹಾರಿಸುವುದೂ ಗಾಳಿಯೇ. ಬೇಲಿಗೆ, ಗುಡಿಸಲ ಹೊದಿಕೆಗೆ, ಉರುವಲಿಗೆ, ಹಸಿರುಗೊಬ್ಬರಕ್ಕೆ ಇದರ ಬಳಕೆಯಿದೆ.

ಎರಡನೆಯದು ಅಗ್ನಿಬಳ್ಳಿ ಅಥವಾ ಎರುಂಬಳ್ಳಿ. ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬುವ ಈ ತೆಳುಬಳ್ಳಿಯ ಕಾಯಿ ಗಾಳಿ ತುಂಬಿದ ಪುಟ್ಟ ಬಲೂನಿನಂತಿರುತ್ತದೆ. ಕರಿಯ ಬೀಜದ ಮೇಲೆ ಬಿಳಿಯ ಹೃದಯಾಕಾರದ ಗುರುತಿದ್ದು, ಸಸ್ಯದ ಗ್ರೀಕ್ ಮೂಲದ ಹೆಸರು ಕಾರ್ಡಿಯೋಸ್ಪರ್ಮಮ್ ಬಂದದ್ದು ಅದರಿಂದಲೇ. ಕಾಯಿಯೊಳಗಿನ ಪೊಳ್ಳು, ಬೀಜವನ್ನು ತಿಗಣೆಯ ಹೀರುಗೊಳವೆಗೆ ಎಟುಕದಂತೆ ದೂರದಲ್ಲಿರಿಸುವ ಉಪಾಯ. ಫ್ಲಾರಿಡಾ, ಆಸ್ಟ್ರೇಲಿಯಾಗಳ ಕಥೆಯಲ್ಲಿ ಬಂದ ಬಳ್ಳಿಗಳು ಇದೇ ಕುಲದವು.

ಇಂತಹ ಕುರುಚಲು ಬರೀ ಬೀಳುಭೂಮಿಯಲ್ಲ. ನವಿಲು, ಗೌಜಿಗ, ನರಿಗಳಿಗೆ ಅದು ಆಸರೆ. ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಗಡಿಯಲ್ಲಿರುವ ಯಡಹಳ್ಳಿಯ ಕುರುಚಲು ಕಾಡನ್ನು ಸರ್ಕಾರ 2016ರಲ್ಲಿ ಚಿಂಕಾರ ವನ್ಯಜೀವಿ ಧಾಮವಾಗಿ ಘೋಷಿಸಿತು. ಅದರ ವಿಸ್ತೀರ್ಣ ಸುಮಾರು 96 ಚದರ ಕಿ.ಮೀ. ಚಿಂಕಾರದ ಜೊತೆಗೆ ತೋಳ, ಕತ್ತೆಕಿರುಬಗಳೂ ಅಲ್ಲಿವೆ. ಮುಳ್ಳುಕಂಟಿಯ ನೆಲಕ್ಕೂ ರಕ್ಷಣೆಯ ಯೋಗ್ಯತೆಯಿದೆ ಎಂಬುದನ್ನು ಆ ಘೋಷಣೆ ಒಪ್ಪಿಕೊಂಡಿತು. ಆದರೆ ಅಂಟುವಾಳದಂತಹ ಮರಗಳು ಹೆಚ್ಚಾಗಿ ನಿಂತಿರುವುದು ಧಾಮದೊಳಗಲ್ಲ. ಖಾಸಗಿ ಜಮೀನು, ಊರೊಟ್ಟಿನ ಜಾಗಗಳಲ್ಲಿ.

ಇಳಕಲ್ ಸೀರೆಯ ನಂಟು

ಇಳಕಲ್ ಸೀರೆಯ ವೈಶಿಷ್ಟ್ಯವಿರುವುದು ಅದರ ಸೆರಗಿನಲ್ಲಿ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಸಾಂಪ್ರದಾಯಿಕ ಸೀರೆಯಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಕೆಂಪು ಸೆರಗಿನ ಮೇಲೆ ಬಿಳಿಯ ವಿನ್ಯಾಸದ ಈ ಬಗೆಗೆ ತೋಪು ತೆನೆ ಎಂಬ ಹೆಸರಿದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಎರಡು ಬಗೆಯ ನೂಲು ಕೂಡಿದ ಬಟ್ಟೆಯನ್ನು ಒಗೆಯುವುದು ಸೂಕ್ಷ್ಮದ ಕೆಲಸ. ರೇಷ್ಮೆ, ಉಣ್ಣೆಗಳು ಪ್ರೋಟೀನಿನ ಎಳೆಗಳು. ಸಾಬೂನು, ಸೋಡಾಗಳ ಕ್ಷಾರಗುಣ ಅವನ್ನು ಕ್ರಮೇಣ ದುರ್ಬಲಗೊಳಿಸಿ ಹೊಳಪು ಕುಂದಿಸುತ್ತದೆ. ಅಂಟುವಾಳದ ನೀರು ಕ್ಷಾರವಲ್ಲ, ತುಸು ಆಮ್ಲದ ಕಡೆಗೇ ಇರುತ್ತದೆ. ರೇಷ್ಮೆಗೆ ಅಂಟುವಾಳವೇ ಹಿತ ಎಂಬ ಹಿರಿಯರ ಮಾತಿಗೆ ರಸಾಯನಶಾಸ್ತ್ರದ ಬೆಂಬಲವಿದೆ. ಗಡಸು ನೀರಿನಲ್ಲೂ ಇದು ಅನುಕೂಲಕರ. ಸುಣ್ಣದಂಶ ಹೆಚ್ಚಿರುವ ಬಾವಿ, ಕೊಳವೆಬಾವಿಗಳ ನೀರಿನಲ್ಲಿ ಸಾಬೂನು ನೊರೆ ಕೊಡದೆ ಗಸಿಯಾಗಿ ಬಟ್ಟೆಗೆ ಅಂಟುತ್ತದೆ. ಸ್ಯಾಪೊನಿನ್ ಹಾಗೆ ಗಸಿಗಟ್ಟುವುದಿಲ್ಲ.

ಒಂದು ಸೀರೆಗೆ ಎಂಟು-ಹತ್ತು ಕಾಯಿಗಳ ಸಿಪ್ಪೆ ಸಾಕು. ಬೀಜ ತೆಗೆದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದ ನೀರಿನಲ್ಲಿ ಸೀರೆಯನ್ನು ಸ್ವಲ್ಪ ಹೊತ್ತು ಅದ್ದಿ, ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು. ನೀರು ಕಣ್ಣಿಗೆ ಬೀಳದಂತೆ, ಮಕ್ಕಳು ಬಾಯಿಗೆ ಹಾಕದಂತೆ ಎಚ್ಚರ ವಹಿಸಬೇಕು. ಬಳಸಿದ ನೀರನ್ನು ಮೀನಿರುವ ಕೆರೆ-ಹೊಂಡಕ್ಕೆ ಚೆಲ್ಲಬಾರದು. ಮಣ್ಣಿಗೆ ಬಿದ್ದರೆ ಅದು ಬೇಗ ಕೊಳೆತು ಹೋಗುತ್ತದೆ.

ಬೀಜ ಹೊತ್ತವರು ಯಾರು?

ಮಾವು, ನೇರಳೆಗಳ ಬೀಜವನ್ನು ಹಣ್ಣಿನ ರುಚಿಗೆ ಮನಸೋತ ಪ್ರಾಣಿಪಕ್ಷಿಗಳು ಹರಡುತ್ತವೆ. ಅಂಟುವಾಳದ ಕಹಿ ತಿರುಳಿಗೆ ಅಂತಹ ಅಭಿಮಾನಿಗಳಿಲ್ಲ. ಹಣ್ಣು ಬುಡದಲ್ಲೇ ಉದುರುತ್ತದೆ. ಗುಂಡು ಬೀಜ ಇಳಿಜಾರಿನಲ್ಲಿ ಉರುಳಿ, ಮಳೆನೀರಿನೊಡನೆ ಹಳ್ಳ ಸೇರಿ ಸ್ವಲ್ಪ ದೂರ ಸಾಗಬಹುದು. ಆದರೆ ಊರಿಂದೂರಿಗೆ ಇದನ್ನು ಸಾಗಿಸಿದ ಮುಖ್ಯ ಜೀವಿ ಮನುಷ್ಯನೇ ಎನ್ನಬಹುದು. ಸಿಪ್ಪೆ ಬಿಡಿಸಿಕೊಂಡು ಬೀಜವನ್ನು ಹಿತ್ತಿಲಿಗೆ ಎಸೆದ ಗೃಹಿಣಿ, ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆದ ಮಡಿವಾಳರು, ಒಡವೆ ತೊಳೆದ ಅಕ್ಕಸಾಲಿಗರು, ಕರಿಯ ಬೀಜವನ್ನು ಗೋಲಿಯಾಡಿ ಕಳೆದ ಮಕ್ಕಳು ಇವರೆಲ್ಲ ತಮಗರಿವಿಲ್ಲದೆ ಬಿತ್ತಿದವರು.

ಸಾಬೂನಿನ ಪುಡಿ, ಶಾಂಪೂ ಬಂದ ಮೇಲೆ ಈ ಸರಪಳಿ ಸಡಿಲವಾಯಿತು. ಬೇಡಿಕೆ ಮತ್ತೆ ಚಿಗುರಿದೆಯಾದರೂ ನಗರದ ಮಳಿಗೆಗಳಲ್ಲಿ ಸಿಗುವುದು ಬೀಜ ತೆಗೆದ ಸಿಪ್ಪೆ ಅಥವಾ ಪುಡಿ. ಹಲವು ಬಾರಿ ಅದು ಹಿಮಾಲಯದ ಪ್ರಭೇದದ್ದು. ಬಳಕೆ ಉಳಿದರೂ ಬೀಜ ಊರಿಗೆ ಬರುವುದಿಲ್ಲ. ಕೊಳ್ಳುವವರಿಲ್ಲದ ಊರಿನ ಮರ, ಬದುವಿಗೆ ನೆರಳು ಮಾಡುವ ಅಡ್ಡಿಯಾಗಿ ಕಾಣತೊಡಗುತ್ತದೆ. ಹಳೆಯ ಮರ ಕಡಿದಾಗ ಅದರ ಜಾಗಕ್ಕೆ ಬರಲು ಸಸಿ ಇರುವುದಿಲ್ಲ.

ಹಿನ್ನೀರಿಗೆ ಮುನ್ನ

ಬಾಗಲಕೋಟೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನೂ ನದಿದಂಡೆಯ ಊರುಗಳನ್ನೂ ಆವರಿಸಿತು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದರು. ದಂಡೆಯ ಮರಗಳು ಬರಲಾಗಲಿಲ್ಲ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಅನುಮತಿ ನೀಡಿದೆ. ಅದು ಜಾರಿಯಾದಾಗ ಇನ್ನಷ್ಟು ಹೊಲ-ತೋಟಗಳು, ಅವುಗಳ ಬದುವಿನ ಮರಗಳು ನೀರಿನಡಿ ಸೇರುತ್ತವೆ.

ದೊಡ್ಡ ಮರವನ್ನು ಸ್ಥಳಾಂತರಿಸುವುದು ದುಬಾರಿ, ಯಶಸ್ಸೂ ಅನಿಶ್ಚಿತ. ಬೀಜ ಸಂಗ್ರಹಿಸುವುದು ಸುಲಭ. ಮುಳುಗಡೆಯ ಅಂಚಿನಲ್ಲಿರುವ ಮರಗಳ ಬೀಜವನ್ನು ಬೇಸಿಗೆಯಲ್ಲಿ ಆರಿಸಿ, ಪುನರ್ವಸತಿ ಊರುಗಳ ರಸ್ತೆಬದಿ, ಶಾಲೆಯ ಅಂಗಳಗಳಲ್ಲಿ ಬೆಳೆಸಿದರೆ ಈ ನೆಲದ ಬರಕ್ಕೆ ಒಗ್ಗಿದ ತಳಿ ಉಳಿಯುತ್ತದೆ. 2008ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳೂ ಇದೇ ಜಿಲ್ಲೆಯಲ್ಲಿರುವುದರಿಂದ ತಾಂತ್ರಿಕ ನೆರವು ದೂರದ ಮಾತಲ್ಲ.

ಸಸಿ ಮಾಡುವ ಕ್ರಮ ಸರಳ. ಬೀಜದ ಕವಚ ಬಹಳ ಗಟ್ಟಿಯಾದ್ದರಿಂದ ಸಿಪ್ಪೆ ಪೂರ್ತಿ ತೆಗೆದು, ಬಿಸಿನೀರಿಗೆ ಹಾಕಿ ಒಂದು ದಿನ ನೆನೆಯಲು ಬಿಡಬೇಕು. ಕವಚವನ್ನು ಒಂದು ಕಡೆ ತುಸು ಉಜ್ಜಿದರೆ ಮೊಳಕೆ ಇನ್ನೂ ಬೇಗ ಬರುತ್ತದೆ. ಚೀಲದಲ್ಲಿ ಬೆಳೆದ ಸಸಿಯನ್ನು ಮುಂಗಾರಿನ ಆರಂಭದಲ್ಲಿ ನೆಡಬಹುದು. ಮೊದಲ ಎರಡು ಬೇಸಿಗೆ ನೀರುಣಿಸಿದರೆ ಮುಂದೆ ಹೆಚ್ಚಿನ ಆರೈಕೆ ಬೇಡ. ಬೀಜದಿಂದ ಬೆಳೆದ ಮರ ಚೆನ್ನಾಗಿ ಕಾಯಿ ಬಿಡಲು ಸುಮಾರು ಹತ್ತು ವರ್ಷ ಕಾಯಬೇಕು. ಬುಡದ ಕಾಯಿಗಳನ್ನೆಲ್ಲ ಗುಡಿಸಿ ಒಯ್ಯದೆ ಒಂದಿಷ್ಟನ್ನು ಅಲ್ಲೇ ಬಿಟ್ಟರೆ ಕೆಂಪು ತಿಗಣೆಗೂ ಪಾಲು ಸಿಗುತ್ತದೆ, ಹೊಸ ಸಸಿಗೂ ಅವಕಾಶವಾಗುತ್ತದೆ.

ಒಂದು ನೋಟದಲ್ಲಿ

ಕನ್ನಡ ಹೆಸರು: ಅಂಟುವಾಳ, ಅಂಟಲಕಾಯಿ, ನೊರೆಕಾಯಿ, ಕೂಗಟೆ
ಕುಟುಂಬ: ಸ್ಯಾಪಿಂಡೇಸಿ
ಎತ್ತರ: ಸಾಮಾನ್ಯವಾಗಿ 10–15 ಮೀಟರ್
ಹೂ ಬಿಡುವ ಕಾಲ: ಅಕ್ಟೋಬರ್–ಡಿಸೆಂಬರ್
ಕಾಯಿ ಬಲಿಯುವ ಕಾಲ: ಫೆಬ್ರವರಿ–ಏಪ್ರಿಲ್
ನೆಲೆ: ಒಣ ಎಲೆಯುದುರುವ ಕಾಡು, ಊರಂಚು, ಹೊಲದ ಬದು, ಹಳ್ಳದ ದಂಡೆ
ಪರಾಗಸ್ಪರ್ಶಿಗಳು: ಜೇನುನೊಣ, ಕಣಜ, ನೊಣ
ಈ ಭಾಗದ ಸಸ್ಯಬಂಧುಗಳು: ಬಂದರೆ, ಅಗ್ನಿಬಳ್ಳಿ
ಉಪಯುಕ್ತ ಭಾಗ: ಕಾಯಿಯ ಸಿಪ್ಪೆ (ಸ್ಯಾಪೊನಿನ್)
ಎಚ್ಚರಿಕೆ: ಸೇವಿಸಬಾರದು, ಕಣ್ಣಿಗೆ ಉರಿ ತರುತ್ತದೆ, ಮೀನುಗಳಿಗೆ ವಿಷ